ಒಂದು ಹೆಸರು, ಹದಿನಾಲ್ಕು ಹೆಬ್ಬೆರಳು

ಆಲೂಗೆಡ್ಡೆ ಎಲೆಯ ಫೋಟೋ ಸ್ಪರ್ಧೆಯ ಬಗ್ಗೆ ನಮ್ಮ ಆಫೀಸಿಗೆ ಬಂದವರಿಗೆಲ್ಲ ಹೇಳುವ ಕಥೆಯೊಂದಿದೆ. ಮೊದಲ ಸುತ್ತಿನಲ್ಲಿ ಜನ ಮೋಸ ಮಾಡಿದರು, ಆಮೇಲೆ ನಾವು ನಿಯಮ ಬಿಗಿ ಮಾಡಿದೆವು, ಎರಡನೇ ಸುತ್ತು ಅದ್ಭುತವಾಗಿ ನಡೆಯಿತು. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸಬಹುದು. ಕೇಳಿದವರು ತಲೆದೂಗುತ್ತಾರೆ. ಬಹುಮಾನದ ಲೆಕ್ಕಾಚಾರವೆಲ್ಲ ನನ್ನದೇ ಆದ್ದರಿಂದ ಎರಡು ಮೂರು ಸಲ ನಾನೂ ತಲೆದೂಗಿದ್ದೇನೆ. ಆದರೆ ಮೊದಲ ಸುತ್ತಿನಲ್ಲಿ ಯಾರೂ ಮೋಸ ಮಾಡಲಿಲ್ಲ. ನಾವು ಕೇಳಿದ್ದನ್ನೇ ತಂದುಕೊಟ್ಟರು. ನಿಯಮ ಮುರಿದದ್ದು ಎರಡನೇ ಸುತ್ತಿನಲ್ಲಿ, ಮತ್ತು ಆ ಸುತ್ತು ಚೆನ್ನಾಗಿ ನಡೆದದ್ದೇ ನಿಯಮ ಮುರಿದವರಿಂದ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಎಲೆಗೆ ಮೊಬೈಲ್ ಹಿಡಿದರೆ ರೋಗ ಯಾವುದೆಂದು ಹೇಳುವ ಆ್ಯಪ್ ತಯಾರಿಸುವುದು ನಮ್ಮ ಯೋಜನೆ. ಅದಕ್ಕೆ ಮೊದಲು ಕಂಪ್ಯೂಟರಿಗೆ ಸಾವಿರಾರು ಎಲೆ ತೋರಿಸಿ ಕಲಿಸಬೇಕು: ಇದು ಆರೋಗ್ಯವಾದ ಎಲೆ, ಇದು ಉಂಗುರ ಉಂಗುರವಾಗಿ ಚುಕ್ಕೆ ಬಿದ್ದದ್ದು, ಇದು ಅಂಚಿನಿಂದ ಕೊಳೆಯುತ್ತ ಬರುವ ಅಂಗಮಾರಿ. ಹಾಸನದ ಆಫೀಸಿನಲ್ಲಿ ಇರುವವರು ನಾಲ್ಕು ಜನ. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಇಷ್ಟು ತಾಲ್ಲೂಕಿನ ಹೊಲ ನಾಲ್ಕು ಜನ ಸುತ್ತುವುದು ಆಗದ ಮಾತು. ಆದ್ದರಿಂದ ರೈತರೇ ಫೋಟೋ ತೆಗೆದು ಕಳಿಸಲಿ, ಹೆಚ್ಚು ಕಳಿಸಿದವರಿಗೆ ಬಹುಮಾನ ಇಡೋಣ ಎಂದಾಯಿತು.

"ನೀವು ಡಿಬೇಟ್‌ನಲ್ಲಿ ಕಪ್ ಗೆದ್ದೋರಲ್ವಾ? ಸ್ಪರ್ಧೆ ಅಂದ್ರೇನು ಅಂತ ನಿಮಗೆ ಗೊತ್ತಿರತ್ತೆ. ಬಹುಮಾನ ಹೆಂಗಿರ್ಬೇಕು ಅಂತ ನೀವೇ ಬರೀರಿ" ಎಂದರು ಯೋಜನೆಯ ಮುಖ್ಯಸ್ಥರು. ಚನ್ನರಾಯಪಟ್ಟಣದವರು, ಮಾತು ಕಡಿಮೆ, ಸಹಿ ನಿಧಾನ.

ನನಗೆ ಗೊತ್ತಿದ್ದದ್ದು ಒಂದೇ ಬಗೆಯ ಸ್ಪರ್ಧೆ. ಮೊದಲನೆಯದು, ಎರಡನೆಯದು, ಮೂರನೆಯದು, ಗೋಡೆಗೆ ಅಂಟಿಸಿದ ಪಟ್ಟಿ. ಆ ಪಟ್ಟಿ ನೋಡಿದರೆ ನನಗೆ ಹುರುಪು ಬರುತ್ತಿತ್ತು, ಹಾಗಾಗಿ ಎಲ್ಲರಿಗೂ ಬರುತ್ತದೆ ಎಂದುಕೊಂಡೆ. ಅತಿ ಹೆಚ್ಚು ಫೋಟೋ ಕಳಿಸಿದವರಿಗೆ ಬ್ಯಾಟರಿ ಸ್ಪ್ರೇಯರ್, ಆಮೇಲೆ ಎರಡು ಸಣ್ಣ ಬಹುಮಾನ. ಪ್ರತಿ ಸಂಜೆ ವಾಟ್ಸಾಪ್ ಗುಂಪಿನಲ್ಲಿ ಯಾರು ಎಷ್ಟನೆಯವರು ಎಂಬ ಪಟ್ಟಿ.

ಮೂರು ದಿನ ಫೋಟೋಗಳು ಸುರಿದವು. ನಾಲ್ಕನೇ ದಿನ ಒಬ್ಬರನ್ನು ಬಿಟ್ಟು ಉಳಿದವರು ತಣ್ಣಗಾದರು. ಆ ಒಬ್ಬರು ಶಾಂತಿಗ್ರಾಮದ ರೈತ. ಸಾವಿರ ದಾಟಿದ್ದರು. ಫೋಟೋ ತೆರೆದು ನೋಡಿದರೆ ಎಲ್ಲದರ ಹಿಂದೆಯೂ ಅದೇ ನೀಲಿ ಡ್ರಮ್ಮು. ಹಿತ್ತಿಲಲ್ಲಿದ್ದ ಎಂಟು ಗಿಡ, ಎದುರಿಂದ, ಬೆನ್ನಿಂದ, ಓರೆಯಾಗಿ, ನೀರು ಚಿಮುಕಿಸಿ, ನೀರು ಒರೆಸಿ. ಫೋನ್ ಮಾಡಿದೆ.

"ಎಂಟೇ ಗಿಡ ಅಲ್ವಾ ಇವರೇ?"

"ಊ ಮೇಡಂ, ಎಂಟೇಯ. ನೀವು ಎಣ್ಸಾದು ಫೋಟೋ ತಾನೇ? ಎಷ್ಟು ಗಿಡ ಇರ್ಬೇಕು ಅಂತ ಎಲ್ ಬರ್ದಿದ್ದೀರಿ, ವಸಿ ತೋರ್ಸಿ."

ಅಂಥ ನಿಯಮ ನಾನು ಎಲ್ಲೂ ಬರೆದಿರಲಿಲ್ಲ. ಆಫೀಸಿನಲ್ಲಿ ಅವರ ಹೆಸರು ತೆಗೆದುಹಾಕುವ ಮಾತು ಬಂದಾಗ ನಾನೇ ಎದ್ದು ನಿಂತು ವಾದಿಸಿದೆ: ಪಂದ್ಯ ಶುರುವಾದ ಮೇಲೆ ಗೆರೆ ಅಳಿಸಿ ಬೇರೆ ಕಡೆ ಹಾಕುವಂತಿಲ್ಲ, ನಿಯಮ ಎಂದರೆ ನಿಯಮ, ತಪ್ಪು ನಮ್ಮದು, ಸ್ಪ್ರೇಯರ್ ಅವರದು. ಮುಖ್ಯಸ್ಥರು ಒಪ್ಪಿದರು. ಆ ವಾಕ್ಯಗಳನ್ನು ಅವರು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ.

ನನ್ನ ತಲೆ ಕೊರೆದದ್ದು ಶಾಂತಿಗ್ರಾಮದವರಲ್ಲ, ಸುಮ್ಮನಾದವರು. ಒಬ್ಬೊಬ್ಬರಿಗೂ ಫೋನ್ ಹಚ್ಚಿ ಯಾಕೆ ಬಿಟ್ಟಿರಿ ಎಂದು ಕೇಳಿದೆ. ಬಿಡುವಿಲ್ಲ, ಡೇಟಾ ಇಲ್ಲ ಎಂದರು ಕೆಲವರು. ಸಾಲಗಾಮೆಯ ಒಬ್ಬ ರೈತ ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿದ: "ಅವ್ರು ಸಾವ್ರ ದಾಟ್ಬುಟ್ಟವ್ರೆ, ನಂದು ಮೂವತ್ತು. ಇನ್ ನಾನ್ಯಾಕ್ ಮೇಡಂ ಬಿಸ್ಲಲ್ಲಿ ಎಲೆ ಇಡ್ಕಂಡು ನಿಂತ್ಕಳ್ಳಿ? ನೋಡ್ದೋರು ಇವನ್ಗೆ ಉಚ್ಚು ಅಂತಾರೆ. ದಿನಾ ಸಂಜೆ ಆ ಪಟ್ಟಿ ಬೇರೆ ಕಳುಸ್ತೀರಿ, ನೀನು ಇಂದ್ಗಡೆ ಇದ್ದೀಯ ಇಂದ್ಗಡೆ ಇದ್ದೀಯ ಅಂತ."

ಇಷ್ಟು ವರ್ಷ ನಾನು ಪಟ್ಟಿಯ ಮೇಲಿನಿಂದ ಕೆಳಕ್ಕೆ ಓದಿದ್ದೆ. ಕೆಳಗಿನಿಂದ ಓದಿದರೆ ಅದು ಮನೆಗೆ ಹೋಗು ಎಂದು ಹೇಳುತ್ತದೆ.

ಎರಡನೇ ಸುತ್ತಿಗೆ ಎಲ್ಲವನ್ನೂ ಬಿಚ್ಚಿ ಕಟ್ಟಿದೆ. ಫೋಟೋ ಎಣಿಸುವುದಿಲ್ಲ, ಹೊಲ ಎಣಿಸುತ್ತೇವೆ. ಒಂದು ಹೊಲಕ್ಕೆ ನಾಲ್ಕೇ ಫೋಟೋ, ಜಾಗದ ಗುರುತು ಫೋಟೋ ಕಳಿಸಲೆಂದೇ ಕೊಟ್ಟ ಆ್ಯಪ್‌ನಲ್ಲೇ ದಾಖಲಾಗುತ್ತದೆ. ಎಲೆಯ ಪಕ್ಕದಲ್ಲಿ ಫೋಟೋ ತೆಗೆಯುವವರ ಹೆಬ್ಬೆರಳು ಕಾಣಬೇಕು; ಎಲೆ ಎಷ್ಟು ದೊಡ್ಡದೆಂದು ಅಳೆಯುವುದಕ್ಕೆ ಅದು ಬೇಕು, ಎಲ್ಲಿಂದಲೋ ಇಳಿಸಿಕೊಂಡ ಚಿತ್ರ ಕಳಿಸುವುದೂ ನಿಲ್ಲುತ್ತದೆ. ಹತ್ತು ಹೊಲ ಮುಗಿಸಿದ ಪ್ರತಿಯೊಬ್ಬರಿಗೂ ಒಂದು ಟಾರ್ಪಾಲು, ಯಾರು ಎಷ್ಟನೆಯವರಾದರೂ ಸರಿ. ಅತಿ ಹೆಚ್ಚು ಹೊಲ ಮಾಡಿದ ಒಬ್ಬರಿಗೆ ಮೇವು ಕತ್ತರಿಸುವ ಯಂತ್ರ. ಪಟ್ಟಿ ಯಾರಿಗೂ ಕಾಣುವುದಿಲ್ಲ. ನಿಮ್ಮ ಟಾರ್ಪಾಲಿಗೆ ಇನ್ನೆಷ್ಟು ಹೊಲ ಬಾಕಿ ಎನ್ನುವುದಷ್ಟೇ ನಿಮಗೆ ಕಾಣುತ್ತದೆ.

ಅಂಗಮಾರಿಯ ಚಿತ್ರ ಕಡಿಮೆ ಇದ್ದುದರಿಂದ ಅದಕ್ಕೆ ದುಪ್ಪಟ್ಟು ಅಂಕ ಇಟ್ಟಿದ್ದೆ. ಮುಖ್ಯಸ್ಥರು ಆ ಸಾಲಿನ ಮೇಲೆ ಪೆನ್ನು ಇಟ್ಟು, "ಯಂತ್ರದ ಆಸೆಗೆ ಯಾರಾದ್ರೂ ಔಷಧಿ ಹೊಡೀದೆ ಬಿಟ್ರೆ?" ಎಂದು ಕೇಳಿದರು. ಸಾಲು ಹೊಡೆದುಹಾಕಿದೆ. ಎಂಟು ನಿಯಮ ಉಳಿದವು. ನಾಲ್ಕನೆಯದು: ಫೋಟೋವನ್ನು ಸ್ಪರ್ಧಿಯೇ ತೆಗೆದಿರಬೇಕು.

ಮೂರು ವಾರ ನಡೆಯಿತು. ಜಿಟಿಜಿಟಿ ಮಳೆ, ಮೋಡ, ಅಂಗಮಾರಿಗೆ ಹೇಳಿ ಮಾಡಿಸಿದ ಹವೆ. ಜನ ನಿಲ್ಲಲಿಲ್ಲ, ಹತ್ತು ದಾಟಿ ಟಾರ್ಪಾಲು ಖಾತ್ರಿಯಾದ ಮೇಲೂ ಕೆಲವರು ಕಳಿಸುತ್ತಲೇ ಇದ್ದರು. ಮುಗಿದಾಗ ಮೊದಲ ಸ್ಥಾನದಲ್ಲಿದ್ದದ್ದು ಮಲ್ಲಿಪಟ್ಟಣದ ಕಡೆಯ ಒಬ್ಬ ಹೆಂಗಸು, ನೂರ ಹದಿನೆಂಟು ಹೊಲ. ಎರಡನೆಯವರು ಹೊಳೆನರಸೀಪುರದ ನಿವೃತ್ತ ವಿಜ್ಞಾನದ ಮೇಷ್ಟ್ರು, ಅರವತ್ತೊಂದು.

ನೂರ ಹದಿನೆಂಟು ನನಗೆ ಜೀರ್ಣವಾಗಲಿಲ್ಲ. ಒಂದೊಂದೇ ತೆರೆದೆ. ಒಂದೇ ಗಳಿಗೆಯಲ್ಲಿ ಎರಡು ಊರಿನ ಹೊಲ. ಆಮೇಲೆ ಎಲೆ ಬಿಟ್ಟು ಬೆರಳು ನೋಡತೊಡಗಿದೆ. ಒಂದರ ಉಗುರು ನಡುವೆ ಸೀಳಿತ್ತು. ಒಂದಕ್ಕೆ ಅರಿಸಿನ ಮೆತ್ತಿತ್ತು. ಒಂದು ಕೈಯ ಮಣಿಕಟ್ಟಿನಲ್ಲಿ ಹಸಿರು ಹಚ್ಚೆ. ಒಂದು ತೀರ ಎಳೆಯದು, ಬಣ್ಣ ಹಚ್ಚಿದ್ದು. ಹಾಳೆಯಲ್ಲಿ ಗುರುತು ಹಾಕುತ್ತ ಹೋದೆ. ಒಂದು ಹೆಸರಿನ ಕೆಳಗೆ ಹದಿನಾಲ್ಕು ಹೆಬ್ಬೆರಳು.

ಮುಖ್ಯಸ್ಥರಿಗೆ ತೋರಿಸಿದೆ. "ನಿಯಮ ನಾಲ್ಕು. ತೆಗೀರಿ ಆ ಹೆಸರು" ಎಂದರು.

"ಒಂದ್ಸಲ ಹೋಗಿ ಕೇಳ್ಕೊಂಡು ಬರ್ತೀನಿ ಸಾರ್."

"ಕೇಳೋದೇನಿದೆ? ನಿಯಮ ಅಂದ್ರೆ ನಿಯಮ ಅಂತ ಹೋದ ತಿಂಗಳು ನೀವೇ ಹೇಳಿದ್ದು."

ಆದರೂ ಮರುದಿನ ಬೆಳಿಗ್ಗೆ ಅರಕಲಗೂಡಿನ ಬಸ್ಸು ಹತ್ತಿದೆ, ಅಲ್ಲಿಂದ ಮಲ್ಲಿಪಟ್ಟಣಕ್ಕೆ. ಯಾರೂ ಮಾತು ಬದಲಾಯಿಸಲು ಸಮಯ ಸಿಗಬಾರದೆಂದು ಮೊದಲೇ ಫೋನ್ ಮಾಡಿರಲಿಲ್ಲ. ನನ್ನ ಜಾಣತನ ವ್ಯರ್ಥವಾಯಿತು. ಆಕೆಯ ಮನೆ ಎಲ್ಲಿ ಎಂದು ಕೇಳಿದ ಮೊದಲ ಹೆಂಗಸೇ, "ಫೋಟೋದವರಾ? ನಾನೂ ತೆಗ್ದಿವ್ನಿ, ಬನ್ನಿ" ಎಂದು ಮುಂದೆ ನಡೆದಳು. ಸೀಳಿದ ಉಗುರು ಅವಳದು.

ಆಕೆ ಕೊಟ್ಟಿಗೆಯಲ್ಲಿದ್ದಳು. ಎರಡು ಹಸು. ನೆಲದ ಮೇಲೆ ಜೋಳದ ದಂಟಿನ ಕಟ್ಟು. ಎಡಗೈಯಲ್ಲಿ ಕುಡುಗೋಲು ಹಿಡಿದು, ದಂಟನ್ನು ಕಾಲಡಿ ಒತ್ತಿಕೊಂಡು ಕೊಯ್ಯುತ್ತಿದ್ದಳು. ಹೋದ ವರ್ಷ ಜಾರಿ ಬಿದ್ದು ಮುರಿದ ಬಲಗೈ ಸೊಟ್ಟಗೆ ಕೂಡಿಕೊಂಡಿದೆ. ಬೆರಳು ಮಡಚಿದರೂ ಹಿಡಿತ ಬರುವುದಿಲ್ಲ. ಮೇವು ಕೊಚ್ಚಲಾಗದೆ ಒಂದು ಹಸು ಮಾರುವ ಮಾತು ಆಗಲೇ ಮನೆಯಲ್ಲಿ ಎದ್ದಿದೆ. ಡೈರಿಗೆ ಹಾಲು ಹಾಕಿಯೇ ಆಕೆ ಮನೆ ನಡೆಸುವುದು.

ಹತ್ತು ನಿಮಿಷದಲ್ಲಿ ಏಳೆಂಟು ಹೆಂಗಸರು ಸೇರಿದರು. ನಾನು ಹಾಳೆ ತೆಗೆದೆ, ಆರೋಪ ಓದುವವಳ ಹಾಗೆ. "ಇವೆಲ್ಲ ನೀವೊಬ್ರೇ ತೆಗೆದಿದ್ದಾ?"

"ಅಯ್ಯೋ, ನಾನೊಬ್ಳೇ ಎಂಗೆ ತೆಗ್ಯಕಾಯ್ತದೆ? ಎಲ್ಲಾರೂವೆ ತೆಗುದ್ರು. ನನ್ ನಂಬ್ರು ಆಕ್ಕಂಡು ಕಳುಸುದ್ರು."

"ಅದು ತಪ್ಪಲ್ವಾ?"

ಹಚ್ಚೆಯ ಕೈಯವರು, ಗುಂಪಿನಲ್ಲಿ ಹಿರಿಯರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ತಪ್ಪು ಮಾಡಿದ್ರೆ ಬಚ್ಚಿಡ್ತಿದ್ವಿ ಕಣವ್ವಾ. ಬೆಳ್ಳು ಮಡ್ಗಿ ಅಂದ್ರಿ, ಮಡುಗ್ದೊ. ನಿಂಗೆ ಕಾಣ್ಲಿ ಅಂತಾನೇ ತಾನೇ?"

ಆಮೇಲೆ ಅವರು ವಿವರಿಸಿದ್ದು ಇಷ್ಟು. ಈ ಹದಿನಾಲ್ಕು ಮನೆಯವರು ಮುಯ್ಯಾಳಾಗಿ ದುಡಿಯುವವರು. ಇವತ್ತು ಎಲ್ಲರೂ ಒಬ್ಬಳ ಹೊಲದಲ್ಲಿ ಕಳೆ ಕಿತ್ತರೆ, ನಾಳೆ ಅವಳು ಉಳಿದವರ ಹೊಲಕ್ಕೆ ಹೋಗಿ ಆ ದಿನವನ್ನು ತೀರಿಸುತ್ತಾಳೆ. ಕೂಲಿ ಇಲ್ಲ, ಬರವಣಿಗೆ ಇಲ್ಲ. ಯಾರಿಗೆ ಯಾರದು ಬಾಕಿ ಎಂದು ಎಲ್ಲರಿಗೂ ಗೊತ್ತು. ನಮ್ಮ ಸ್ಪರ್ಧೆಯ ಸುದ್ದಿ ಬಂದಾಗ ಅದನ್ನೂ ಹಾಗೇ ಮಾಡಿದ್ದಾರೆ. ಕಳೆ ಕೀಳಲು ಹೋದಲ್ಲೆಲ್ಲ ನಾಲ್ಕು ಎಲೆ ಹಿಡಿದು ಫೋಟೋ. ತವರಿಗೆ ಹೋದವಳು ಅಲ್ಲಿನ ಹೊಲದ್ದೂ ತಂದಿದ್ದಾಳೆ.

"ಬೇರೆ ಬೇರೆಯಾಗಿ ಕಳಿಸಿದ್ರೆ ಹನ್ನೊಂದು ಜನಕ್ಕೆ ಟಾರ್ಪಾಲು ಸಿಗ್ತಿತ್ತು. ಲೆಕ್ಕ ಹಾಕಿದ್ರಾ?" ಎಂದೆ. ನಾನೇ ಕಟ್ಟಿದ ಬಹುಮಾನ, ಸ್ವಲ್ಪ ಅಭಿಮಾನವಿತ್ತು.

"ಟಾರ್ಪಾಲು ಎಲ್ಲಾರ್ ಮನೇಲೂ ಬಿದ್ದದೆ" ಎಂದಳು ಸೀಳುಗುರಿನವಳು. "ಮಿಷನ್ನು ಯಾರ್ ಮನೇಲೂ ಇಲ್ಲ. ಕೈ ಓಗಿರಾದು ಇವ್ಳ್ದು. ಅದ್ಕೆ ಮೊದ್ಲು ಇವ್ಳಿಗೆ. ಮುಂದಿನ್ ಪೈಪೋಟಿ ನಂಗೆ. ಅದ್ರಾಚೆ ಅವ್ರಿಗೆ."

"ನಿಂಗೆ ಯಾಕ್ಲೇ? ಮಗಳ್ ಮದ್ವೆ ಇರಾದು ನಂದು, ಮುಂದ್ಲುದು ನಂಗೆ" ಎಂದು ಇನ್ನೊಬ್ಬಳು ಬಾಯಿ ಹಾಕಿದಳು. ಎಲ್ಲರೂ ನಕ್ಕರು. ಹಿರಿಯರು ಸರದಿಯನ್ನು ಬೆರಳು ಮಡಚಿ ಒಪ್ಪಿಸಿದರು, ಹದಿನಾಲ್ಕು ಹೆಸರು, ಎಲ್ಲೂ ತಡವರಿಸಲಿಲ್ಲ. ಗುಂಪಿಗೆ ಕಳಿಸಿದ ಸಂದೇಶಗಳಲ್ಲಿ ನಾನು ಮೊದಲನೇ ಸುತ್ತು, ಎರಡನೇ ಸುತ್ತು ಎಂದು ಬರೆದಿದ್ದೆ. ಎರಡು ಕೇಳಿದವರಿಗೆ ಮೂರನೆಯದು ಬರುತ್ತದೆ ಎನಿಸುವುದು ಸಹಜವೇ. ಯೋಜನೆ ಇರುವುದು ಈ ಒಂದು ಹಂಗಾಮಿಗೆ ಮಾತ್ರ, ಮೂರನೇ ಸುತ್ತು ಇಲ್ಲ ಎಂದು ನನಗೆ ಗೊತ್ತಿತ್ತು. ಆಗ ಹೇಳಬೇಕಿತ್ತು. ಕಾಫಿ ಕೊಟ್ಟರು, ಕುಡಿದೆ.

ಒಂದು ಪಕ್ಷ ಕೇಳಿ ತೀರ್ಪು ಕೊಡಬಾರದೆಂದು ಅರಕಲಗೂಡಿಗೆ ಬಂದವಳು ಹಾಸನದ ಬಸ್ಸು ಬಿಟ್ಟು ಹೊಳೆನರಸೀಪುರದ ಬಸ್ಸು ಹಿಡಿದೆ. ಮೇಷ್ಟ್ರ ಮನೆ ದೇವಸ್ಥಾನದ ಬೀದಿಯಲ್ಲಿ. ನೋಟ್‌ಬುಕ್ ತಂದು ಮುಂದಿಟ್ಟರು. ಅರವತ್ತೊಂದು ಹೊಲಕ್ಕೆ ಅರವತ್ತೊಂದು ಪುಟ: ರೈತರ ಹೆಸರು, ಬಿತ್ತಿದ ವಾರ, ಮೋಡವೋ ಬಿಸಿಲೋ. ಈ ವಯಸ್ಸಿನಲ್ಲಿ ಹಳೆಯ ಸ್ಕೂಟರಿನಲ್ಲಿ, ಕೆಸರಿನಲ್ಲಿ, ಒಬ್ಬರೇ.

ವಿಷಯ ಹೇಳಿದೆ. ಅವರು ಕೋಪಗೊಳ್ಳಲಿಲ್ಲ. "ನಿಯಮ ನಾಲ್ಕು ಓದಿ ನೋಡಮ್ಮ" ಎಂದರು.

"ನಾನೇ ಬರೆದದ್ದು ಸಾರ್."

"ಬರೆದೋರು ನೀವು, ನಂಬಿದೋನು ನಾನು. ಶಾಲೆಯ ಹಳೇ ಹುಡುಗರಿಗೆ ಹೇಳಿದ್ರೆ ನನಗೂ ಇನ್ನೂರು ಹೊಲ ಬರ್ತಿತ್ತು. ಹೇಳ್ಲಿಲ್ಲ. ಯಾಕೆ ಹೇಳ್ಲಿಲ್ಲ ಹೇಳಿ?"

ನಾನು ಎಷ್ಟೋ ವೇದಿಕೆ ಹತ್ತಿದವಳು. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ವಾದಕ್ಕೆ ಎದುರು ನಿಂತದ್ದು ನೆನಪಿಲ್ಲ. ಮಲ್ಲಿಪಟ್ಟಣದಾಕೆಯ ಮುರಿದ ಕೈಯ ವಿಷಯ ಹೇಳಿದೆ. ಅವರು ಪುಸ್ತಕ ಮುಚ್ಚಿಟ್ಟು, "ಯಂತ್ರ ಇಟ್ಕೊಂಡು ನಾನೇನ್ ಮಾಡ್ಲಿ? ಹಸು ಇಲ್ಲ, ಹಿತ್ತಿಲೂ ಇಲ್ಲ. ನನ್ನ ಹೆಸರಿಗೆ ಮೊದಲ ಬಹುಮಾನ ಬರೀರಿ. ಯಂತ್ರ ನಾನೇ ಆಕೆಗೆ ಕೊಟ್ಬಿಡ್ತೀನಿ" ಎಂದರು.

ಇಬ್ಬರಿಗೂ ನ್ಯಾಯ! ಬಸ್ಸಿನಲ್ಲೇ ಮಲ್ಲಿಪಟ್ಟಣಕ್ಕೆ ಫೋನ್ ಮಾಡಿದೆ. ಆಕೆ ಫೋನನ್ನು ಹಿರಿಯರಿಗೆ ಕೊಟ್ಟಳು. ಅವರು ಪೂರ್ತಿ ಕೇಳಿಸಿಕೊಂಡರು.

"ಬ್ಯಾಡ ಕಣವ್ವಾ."

"ಯಾಕಜ್ಜಿ? ಯಂತ್ರ ನಿಮ್ಗೇ ಬರತ್ತಲ್ಲ."

"ಮೇಷ್ಟ್ರು ದ್ವಡ್ಡೋರು, ಒಪ್ಕತೀನಿ. ಆದ್ರೆ ಅವ್ರು ಕೊಟ್ರೆ ಅದು ಅವ್ರು ಕೊಟ್ಟಂಗಾಯ್ತು. ನಾವು ಅದ್ಮೂರ್ ಜನ ಕೊಟ್ಟಂಗಾಯ್ತದಾ? ಇವ್ಳು ಅವ್ರ ಋಣ ತೀರ್ಸಾದಾ, ನಮ್ ಮುಯ್ಯಿ ತೀರ್ಸಾದಾ? ಗೆದ್ರೆ ಗೆದ್ದಂಗೆ ಕೊಡು. ಇಲ್ದಿದ್ರೆ ಬುಟ್ಬುಡು."

ಹಾಸನ ಬರುವವರೆಗೆ ಇದನ್ನೇ ತಿರುವಿ ಹಾಕಿದೆ. ನನ್ನ ಪ್ರಕಾರ ಬಹುಮಾನ ಎಂದರೆ ಒಂದು ವಸ್ತು ಮತ್ತು ಒಂದು ಸ್ಥಾನ, ಎರಡನ್ನೂ ಬಿಡಿಸಿ ಹಂಚಬಹುದು. ಅವರಿಗೆ ವಸ್ತು ಯಾರ ಕೈಯಿಂದ ಬಂತು ಎನ್ನುವುದೂ ಅದರ ಭಾಗ. ಇಂಥದ್ದೊಂದು ಇದೆ ಎಂದೇ ನನ್ನ ಎಂಟು ನಿಯಮಗಳಿಗೆ ಗೊತ್ತಿರಲಿಲ್ಲ.

ಮರುದಿನ ಆಫೀಸಿನಲ್ಲಿ ಮುಖ್ಯಸ್ಥರು ತೀರ್ಮಾನ ಮಾಡಿಯೇ ಕೂತಿದ್ದರು. ಮೇಷ್ಟ್ರು ಮೊದಲು, ಆಕೆಯ ಹೆಸರು ರದ್ದು.

"ಸರಿ ಸಾರ್" ಎಂದೆ. "ಹಾಗಾದ್ರೆ ಆಕೆ ಹೆಸರಲ್ಲಿ ಬಂದ ಫೋಟೋನೂ ಅಳಿಸ್ಬಿಡೋಣ."

"ಫೋಟೋ ಯಾಕೆ ಅಳಿಸ್ಬೇಕು?"

"ಅನರ್ಹ ಅಂದ್ಮೇಲೆ ಅನರ್ಹ. ನಿಯಮ ಅಂದ್ರೆ ನಿಯಮ."

ಅವರು ನನ್ನ ಪರದೆಯತ್ತ ನೋಡಿದರು. ಆ ನೂರ ಹದಿನೆಂಟು ಹೊಲದ ಚಿತ್ರಗಳನ್ನೂ ಆರಿಸಿಟ್ಟಿದ್ದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು. ನಮ್ಮ ಬಳಿ ಇದ್ದ ಅಂಗಮಾರಿಯ ಚಿತ್ರಗಳಲ್ಲಿ ಹೆಚ್ಚಿನವು ಅದರಲ್ಲೇ ಇದ್ದವು. ಅದಕ್ಕಿಂತ ಮುಖ್ಯವಾಗಿ, ಅವು ಒಬ್ಬರ ಕಣ್ಣಿನಿಂದ ನೋಡಿದವಲ್ಲ. ಹದಿನಾಲ್ಕು ಕೈ, ಐದಾರು ಬಗೆಯ ಮೊಬೈಲು, ಬೆಳಗಿನ ಬೆಳಕು, ಸಂಜೆಯ ಬೆಳಕು. ಕಂಪ್ಯೂಟರಿಗೆ ಕಲಿಸಲು ಬೇಕಾದದ್ದು ಅಂಥದ್ದೇ. ಮೇಷ್ಟ್ರ ಫೋಟೋಗಳು ಒಂದಕ್ಕಿಂತ ಒಂದು ಚೆಂದ, ಆದರೆ ಎಲ್ಲವೂ ಒಂದೇ ಥರ. ನಾಲ್ಕನೇ ನಿಯಮ ನಮ್ಮ ಕೆಲಸಕ್ಕೇ ಅಡ್ಡವಾಗಿತ್ತು, ಬರೆದವಳಿಗೆ ಅದು ಗೊತ್ತಾಗಿರಲಿಲ್ಲ.

"ಫೋಟೋ ಇಟ್ಕೊಳ್ಳೋದಾದ್ರೆ ಯಂತ್ರ ಕೊಡೋಣ" ಎಂದೆ. "ಯಂತ್ರ ಕೊಡಲ್ಲ ಅನ್ನೋದಾದ್ರೆ ಫೋಟೋ ಬೇಡ. ಎರಡ್ರಲ್ಲಿ ಒಂದು ಹೇಳಿ ಸಾರ್, ಒತ್ತಲಾ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಷ್ಟ್ರಿಗೆ ನೀವೇ ಹೇಳ್ಬೇಕು."

"ಹೇಳ್ತೀನಿ."

ವಾದ ಗೆದ್ದೆ. ಶಾಂತಿಗ್ರಾಮದವರಿಗಾಗಿ ಮಾಡಿದ ವಾದವನ್ನು ನಾನೇ ಸೋಲಿಸಿ ಗೆದ್ದೆ ಎನ್ನುವುದೂ ತಿಳಿದಿತ್ತು. ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲ ಕಾರಣಗಳನ್ನೂ ಒಂದಾದ ಮೇಲೊಂದು ಹೇಳಿದೆ. ಒಬ್ಬರೇ ದುಡಿದವರಲ್ಲಿ ಮೊದಲಿಗರು ಎಂದು ಬರೆದುಕೊಡುತ್ತೇವೆ ಎಂದೆ. "ಅದು ಆಟದಲ್ಲಿ ಇರ್ಲಿಲ್ವಲ್ಲಮ್ಮ" ಎಂದು ಫೋನ್ ಇಟ್ಟರು. ವಾರದ ಮೇಲೆ ಅವರಿಗೆ ಕಳಿಸಿದ್ದ ಟಾರ್ಪಾಲು ಆಫೀಸಿಗೆ ವಾಪಸು ಬಂತು, ಕಟ್ಟು ಬಿಚ್ಚಿರಲಿಲ್ಲ. ಜೊತೆಗೆ ನೋಟ್‌ಬುಕ್ಕೂ ಇತ್ತು. ಮೊದಲ ಪುಟದಲ್ಲಿ ನೀಟಾದ ಅಕ್ಷರ: ನಿಮ್ಮ ಕೆಲಸಕ್ಕೆ ಉಪಯೋಗವಾಗಬಹುದು. ಉಪಯೋಗವಾಯಿತು. ಬಿತ್ತಿದ ವಾರವನ್ನು ಬರೆದಿಟ್ಟವರು ಅವರೊಬ್ಬರೇ.

ಯಂತ್ರ ಗೂಡ್ಸ್ ಆಟೋದಲ್ಲಿ ಮಲ್ಲಿಪಟ್ಟಣದ ಕಡೆಗೆ ಹೋಯಿತು, ನಾನು ಜೊತೆಯಲ್ಲಿ. ಕೊಟ್ಟಿಗೆಯಲ್ಲಿ ಇಳಿಸಿ, ವೈರು ಎಳೆದು, ಮೊದಲ ಕಟ್ಟು ದಂಟು ಕೊಟ್ಟಾಗ ಆಕೆ ಎಡಗೈಯಲ್ಲಿ ತಳ್ಳಿದಳು, ಸೊಟ್ಟಗಾದ ಬಲಗೈ ಆಸರೆಗಷ್ಟೇ. ಮೇವು ಪುಡಿಪುಡಿಯಾಗಿ ಆಚೆ ಬಿತ್ತು. ಹಸು ಮಾರುವ ಮಾತನ್ನು ಯಾರೂ ಎತ್ತಲಿಲ್ಲ. ಮಿಷನ್ ನಿಂತ ಮೇಲೆ ಹಿರಿಯರು ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಮೊಮ್ಮಗಳ ಕೈಯಲ್ಲಿ ಬರೆಸಿದ್ದು, ಸರದಿಯ ಪ್ರಕಾರ ಹದಿನಾಲ್ಕು ಹೆಸರು, ಪ್ರತಿ ಹೆಸರಿನ ಮುಂದೆ ಬೇಕಾದ ವಸ್ತು.

"ನೀನು ಬಹುಮಾನ ಇಡುವಾಗ ಪರದಾಡ್ಬಾರ್ದು ಅಂತ ಬರ್ಸಿವ್ನಿ. ಮುಂದಿನ್ದು ಇವ್ಳಿಗೆ, ಒಲಿಗೆ ಮಿಷನ್ನು. ಮುಂದಿನ್ ಪೈಪೋಟಿ ಬಿತ್ನೆ ಆದ್ಮೇಕೆ ತಾನೇ?"

ಸೀಳುಗುರಿನವಳು ನನ್ನ ಮುಖ ನೋಡುತ್ತ ನಿಂತಿದ್ದಳು. ಆಫೀಸಲ್ಲಿ ಕೇಳಿ ಹೇಳುತ್ತೇನೆ ಎಂದೆ. ಅಷ್ಟರ ಮಟ್ಟಿಗೆ ಸುಳ್ಳು ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಚೀಟಿಯನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಹದಿನಾಲ್ಕೂ ಹೆಸರನ್ನು ಓದಿದರು, ಮುಂದಿನ ವಸ್ತುಗಳನ್ನೂ ಓದಿದರು, ಮತ್ತೆ ಮೇಲಿನಿಂದ ಓದತೊಡಗಿದರು. ಯೋಜನೆ ಮುಗಿಯಲು ಇನ್ನು ಎಷ್ಟು ದಿನವಿದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಸಾರ್, ಎರಡನೇ ಹೆಸರಿನೋಳು ಹದಿಮೂರು ಹೊಲದ ಫೋಟೋ ತೆಗೆದಿದ್ದಾಳೆ, ತನ್ನ ಸರದಿ ಬರತ್ತೆ ಅಂತ. ಅವಳಿಗೆ ನಾನು ಏನು ಹೇಳ್ಲಿ?"